ತಾನೇ ತಂದ ಕಾಯ್ದೆ, ತಾನೇ ಏರಿದ ಕಟಕಟೆ

1879ರ ಅಕ್ಟೋಬರ್ ತಿಂಗಳು. ಕೆನಡಾದ ಮಾಂಟ್ರಿಯಲ್ ನಗರದ ನ್ಯಾಯಾಲಯದಲ್ಲಿ 71 ವರ್ಷದ ಮುದುಕನೊಬ್ಬ ಆರೋಪಿಯ ಸ್ಥಾನದಲ್ಲಿ ನಿಂತಿದ್ದ. ಮುಳುಗಿಹೋದ ಬ್ಯಾಂಕೊಂದರ ಅಧ್ಯಕ್ಷ ಆತ. ಬ್ಯಾಂಕಿನ ನಿಜಸ್ಥಿತಿ ಮುಚ್ಚಿಟ್ಟು ಸರ್ಕಾರಕ್ಕೆ ಸುಳ್ಳು ಲೆಕ್ಕ ಸಲ್ಲಿಸಿದ ಎಂಬುದು ಆತನ ಮೇಲಿದ್ದ ಆರೋಪ. ಬ್ಯಾಂಕ್ ಮುಳುಗಿದಾಗ ಅಧ್ಯಕ್ಷರು ಕಟಕಟೆ ಏರುವುದು ಹೊಸ ಸಂಗತಿಯೇನಲ್ಲ. ಆದರೆ ಈ ಮುದುಕ ಸಾಮಾನ್ಯನಾಗಿರಲಿಲ್ಲ. ಆತ ಒಂದು ಕಾಲದಲ್ಲಿ ಕೆನಡಾ ಪ್ರಾಂತ್ಯದ ಪ್ರಧಾನಿಯಾಗಿದ್ದ. ಎರಡು ವಸಾಹತುಗಳಲ್ಲಿ ಬ್ರಿಟನ್ ರಾಣಿಯ ಪರವಾಗಿ ಗವರ್ನರ್ ಆಗಿದ್ದ. ಅದಕ್ಕಿಂತ ಮುಖ್ಯವಾಗಿ, ಬ್ಯಾಂಕುಗಳು ಪ್ರತಿ ತಿಂಗಳೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕೆಂದು ವಿಧಿಸಿದ 1871ರ ಬ್ಯಾಂಕ್ ಕಾಯ್ದೆ ಬಂದದ್ದು ಆತ ಹಣಕಾಸು ಮಂತ್ರಿಯಾಗಿದ್ದಾಗಲೇ!

ಆತನ ಹೆಸರು ಸರ್ ಫ್ರಾನ್ಸಿಸ್ ಹಿಂಕ್ಸ್. ಕೆನಡಾದ ಜನರಿಗೆ ಸ್ವಂತ ಸರ್ಕಾರ ದಕ್ಕಿಸಿಕೊಟ್ಟವರ ಸಾಲಿನಲ್ಲಿ ಈತನ ಹೆಸರಿದೆ. ಅಧಿಕಾರದಲ್ಲಿದ್ದುಕೊಂಡೇ ಜೇಬು ತುಂಬಿಸಿಕೊಂಡವರ ಸಾಲಿನಲ್ಲೂ ಇದೆ. ಎರಡೂ ಸಾಲುಗಳಲ್ಲಿ ಒಬ್ಬನೇ ಮನುಷ್ಯ ಹೇಗೆ ನಿಲ್ಲುತ್ತಾನೆ? ಹಿಂಕ್ಸ್‌ನ ಜೀವನಕಥೆ ಆಸಕ್ತಿ ಹುಟ್ಟಿಸುವುದು ಈ ಪ್ರಶ್ನೆಯಿಂದಾಗಿ.

ಜನರ ಬ್ಯಾಂಕಿನ ಮ್ಯಾನೇಜರ್

ಹಿಂಕ್ಸ್ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ, 1807ರ ಡಿಸೆಂಬರ್ 14ರಂದು. ತಂದೆ ಪ್ರೆಸ್ಬಿಟೇರಿಯನ್ ಪಾದ್ರಿ, ಜೊತೆಗೆ ವಿದ್ವಾಂಸ. ಅಣ್ಣಂದಿರು ಓದಿನಲ್ಲಿ ಹೆಸರು ಮಾಡಿದರು. ಅವರಲ್ಲೊಬ್ಬನಾದ ಎಡ್ವರ್ಡ್ ಹಿಂಕ್ಸ್, ಪ್ರಾಚೀನ ಮೆಸೊಪೊಟೇಮಿಯದ ಬೆಣೆಲಿಪಿಯ ಒಗಟು ಬಿಡಿಸಿದವರಲ್ಲಿ ಪ್ರಮುಖ. ಕಿರಿಯವನಾದ ಫ್ರಾನ್ಸಿಸ್‌ಗೆ ಮಾತ್ರ ಪುಸ್ತಕಕ್ಕಿಂತ ಲೆಕ್ಕದ ಖಾತೆ ಹೆಚ್ಚು ಹಿಡಿಸಿತು. ಬೆಲ್‌ಫಾಸ್ಟಿನ ವರ್ತಕರ ಅಂಗಡಿಯೊಂದರಲ್ಲಿ ವ್ಯಾಪಾರ ಕಲಿತು, 1832ರಲ್ಲಿ ಮದುವೆಯಾಗಿ, ಹೆಂಡತಿಯೊಂದಿಗೆ ಅಟ್ಲಾಂಟಿಕ್ ದಾಟಿ ಯಾರ್ಕ್ ಎಂಬ ಪುಟ್ಟ ಊರಿಗೆ ಬಂದಿಳಿದ. ಎರಡು ವರ್ಷಗಳ ನಂತರ ಆ ಊರಿಗೆ ಟೊರಾಂಟೊ ಎಂದು ಹೆಸರಾಯಿತು.

ಆಗ ಕೆನಡಾ ಎಂಬ ಒಂದೇ ದೇಶವಿರಲಿಲ್ಲ. ಇಂಗ್ಲಿಷ್ ಮಾತನಾಡುವವರ ಅಪ್ಪರ್ ಕೆನಡಾ, ಫ್ರೆಂಚರೇ ಹೆಚ್ಚಿದ್ದ ಲೋಯರ್ ಕೆನಡಾ ಬೇರೆ ಬೇರೆ ವಸಾಹತುಗಳಾಗಿದ್ದವು. ಅಪ್ಪರ್ ಕೆನಡಾದಲ್ಲಿ ಚುನಾಯಿತ ಶಾಸನಸಭೆಯೇನೋ ಇತ್ತು. ಆದರೆ ಆಡಳಿತ ನಡೆಯುತ್ತಿದ್ದುದು ಲಂಡನ್ನಿನಿಂದ ಬಂದ ಗವರ್ನರ್ ಮತ್ತು ಆತನ ಸುತ್ತ ನೆರೆದ ಕೆಲವೇ ಕುಟುಂಬಗಳ ಕೂಟದಿಂದ. ಭೂಮಿ ಹಂಚಿಕೆ, ನ್ಯಾಯಾಧೀಶರ ನೇಮಕ, ಚರ್ಚಿಗೆ ಮೀಸಲಾದ ಜಮೀನು ಎಲ್ಲವೂ ಈ ಕೂಟದ ಹಿಡಿತದಲ್ಲಿದ್ದವು. 1822ರಲ್ಲಿ ವ್ಯವಹಾರ ಆರಂಭಿಸಿದ ಬ್ಯಾಂಕ್ ಆಫ್ ಅಪ್ಪರ್ ಕೆನಡಾ ಕೂಡ ಅವರದೇ. ಕೂಟದ ವಿರುದ್ಧ ಮಾತನಾಡುವ ರೈತನಿಗೋ ವ್ಯಾಪಾರಿಗೋ ಸಾಲ ಸಿಗುವುದು ಕಷ್ಟವಾಗಿತ್ತು.

ಇದಕ್ಕೆ ಪ್ರತಿಯಾಗಿ ಸುಧಾರಣಾವಾದಿಗಳು 1835ರಲ್ಲಿ ತಮ್ಮದೇ ಬ್ಯಾಂಕ್ ತೆರೆದರು. ಹೆಸರೇ ‘ಬ್ಯಾಂಕ್ ಆಫ್ ದಿ ಪೀಪಲ್’, ಅಂದರೆ ಜನರ ಬ್ಯಾಂಕು. ಅದರ ಮ್ಯಾನೇಜರ್ ಆಗಿ ನೇಮಕಗೊಂಡವನು 27 ವರ್ಷದ ಹಿಂಕ್ಸ್. 1837ರಲ್ಲಿ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಎದ್ದ ಹಣಕಾಸಿನ ಬಿರುಗಾಳಿಗೆ ದೊಡ್ಡ ದೊಡ್ಡ ಬ್ಯಾಂಕುಗಳು ನೋಟಿಗೆ ಬದಲಾಗಿ ಚಿನ್ನ, ಬೆಳ್ಳಿ ಕೊಡುವುದನ್ನು ನಿಲ್ಲಿಸಿದಾಗ ಈ ಪುಟ್ಟ ಬ್ಯಾಂಕು ಪಾವತಿ ನಿಲ್ಲಿಸದೆ ಉಳಿದುಕೊಂಡಿತು. ಲೆಕ್ಕದಲ್ಲಿ ಹಿಂಕ್ಸ್ ಗಟ್ಟಿಗ ಎಂಬ ಮಾತು ಊರೆಲ್ಲ ಹರಡಿತು.

ಪತ್ರಿಕೆ ಮತ್ತು ಒಂದು ಪತ್ರ

ಅದೇ 1837ರ ಡಿಸೆಂಬರಿನಲ್ಲಿ ವಿಲಿಯಂ ಲಯನ್ ಮೆಕೆಂಜಿಯ ನಾಯಕತ್ವದಲ್ಲಿ ಟೊರಾಂಟೊದಲ್ಲಿ ದಂಗೆ ಎದ್ದಿತು. ಕೆಲವೇ ದಿನಗಳಲ್ಲಿ ಅಡಗಿಯೂ ಹೋಯಿತು. ಮೆಕೆಂಜಿ ಅಮೆರಿಕಕ್ಕೆ ಓಡಿಹೋದ. ಸ್ಯಾಮ್ಯುಯೆಲ್ ಲೌಂಟ್ ಮತ್ತು ಪೀಟರ್ ಮ್ಯಾಥ್ಯೂಸ್ ಎಂಬ ಇಬ್ಬರನ್ನು 1838ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಲಾಯಿತು. ಹಿಂಕ್ಸ್ ದಂಗೆಯಲ್ಲಿ ಸೇರಿರಲಿಲ್ಲ. ಆದರೂ ಸುಧಾರಣೆ ಎಂಬ ಮಾತೆತ್ತಿದವರೆಲ್ಲ ದ್ರೋಹಿಗಳೆನಿಸಿದ್ದ ದಿನಗಳವು. ಬೇಸತ್ತ ಹಿಂಕ್ಸ್ ಮತ್ತು ಗೆಳೆಯರು ಅಮೆರಿಕದ ಅಯೋವಾಕ್ಕೆ ಗುಳೆ ಹೋಗುವ ಯೋಜನೆಯನ್ನೂ ಹಾಕಿದ್ದರು.

ಆತ ಹೋಗಲಿಲ್ಲ. 1838ರ ಜುಲೈನಲ್ಲಿ ‘ಎಕ್ಸಾಮಿನರ್’ ಎಂಬ ವಾರಪತ್ರಿಕೆ ಹೊರಡಿಸಿದ. ಅದರ ಘೋಷಣೆಯಲ್ಲಿದ್ದ ಮುಖ್ಯ ಪದ ‘ಜವಾಬ್ದಾರಿ ಸರ್ಕಾರ’. ಗವರ್ನರ್ ತನಗೆ ಬೇಕಾದವರನ್ನಲ್ಲ, ಶಾಸನಸಭೆಯ ಬಹುಮತದ ವಿಶ್ವಾಸ ಇರುವವರನ್ನೇ ಮಂತ್ರಿಗಳನ್ನಾಗಿ ಮಾಡಬೇಕು. ವಿಶ್ವಾಸ ಕಳೆದುಕೊಂಡವರು ಮನೆಗೆ ಹೋಗಬೇಕು ಎಂಬುದು ಅದರ ಅರ್ಥ. ಈ ಪದ ಕನ್ನಡಿಗರಿಗೆ ಹೊಸದಲ್ಲ. ಸುಮಾರು ನೂರು ವರ್ಷಗಳ ಬಳಿಕ, 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಮಹಾರಾಜರ ಮುಂದೆ ಜನ ಇಟ್ಟ ಬೇಡಿಕೆಯೂ ಜವಾಬ್ದಾರಿ ಸರ್ಕಾರದ್ದೇ. ವಸಾಹತುಗಳ ರಾಜಕೀಯದಲ್ಲಿ ಈ ಮಾತು ಚಲಾವಣೆಗೆ ಬಂದದ್ದು ಕೆನಡಾದ ಹೋರಾಟದಿಂದ.

1839ರಲ್ಲಿ ಬ್ರಿಟಿಷ್ ಸರ್ಕಾರದ ಮುಂದೆ ಬಂದ ಲಾರ್ಡ್ ಡರ್ಹಾಮ್ ವರದಿ ಎರಡು ಕೆನಡಾಗಳನ್ನೂ ಒಂದುಗೂಡಿಸಬೇಕೆಂದು ಸೂಚಿಸಿತು. ಫ್ರೆಂಚರನ್ನು ಇಂಗ್ಲಿಷರಲ್ಲಿ ಕರಗಿಸಿಬಿಡುವುದು ಅದರ ಒಂದು ಉದ್ದೇಶ. ಹಿಂಕ್ಸ್ ಅದರಲ್ಲಿ ಬೇರೆಯೇ ಅವಕಾಶ ಕಂಡ. ಅದೇ ವರ್ಷ ಏಪ್ರಿಲ್‌ನಲ್ಲಿ, ಮುಖವನ್ನೇ ನೋಡಿರದ ಫ್ರೆಂಚ್ ನಾಯಕ ಲೂಯಿ ಲಾಫೊಂಟೇನ್‌ಗೆ ಒಂದು ಪತ್ರ ಬರೆದ. ಎರಡೂ ಭಾಷೆಯ ಸುಧಾರಣಾವಾದಿಗಳು ಒಂದಾದರೆ ಹೊಸ ಸಭೆಯಲ್ಲಿ ಬಹುಮತ ನಮ್ಮದೇ ಎಂಬುದು ಅದರ ತಿರುಳು. ಬ್ಯಾಂಕಿನವನ ಕೂಡುವ ಕಳೆಯುವ ಲೆಕ್ಕ ಇಲ್ಲಿ ಒಂದು ದೇಶದ ಭವಿಷ್ಯಕ್ಕೆ ಬಳಕೆಯಾಯಿತು.

ಲೆಕ್ಕ ಫಲಿಸಿತು. 1841ರ ಚುನಾವಣೆಯಲ್ಲಿ ಹೊಡೆದಾಟದ ಬೆದರಿಕೆಯಿಂದ ಲಾಫೊಂಟೇನ್ ಕಣದಿಂದ ಹಿಂದೆ ಸರಿಯಬೇಕಾಯಿತು. ಆಗ ಟೊರಾಂಟೊ ನಾಯಕ ರಾಬರ್ಟ್ ಬಾಲ್ಡ್ವಿನ್ ತನ್ನ ಕಡೆಯ ಯಾರ್ಕ್ ಕ್ಷೇತ್ರವೊಂದರಿಂದ ಆತನನ್ನು ಗೆಲ್ಲಿಸಿ ತಂದ. ಇಂಗ್ಲಿಷ್ ರೈತರು ಫ್ರೆಂಚ್ ಕ್ಯಾಥೊಲಿಕನೊಬ್ಬನಿಗೆ ಮತ ಹಾಕಿದ್ದರು. 1843ರಲ್ಲಿ ಫ್ರೆಂಚರ ರಿಮೌಸ್ಕಿ ಕ್ಷೇತ್ರ ಬಾಲ್ಡ್ವಿನ್‌ನನ್ನು ಗೆಲ್ಲಿಸಿ ಋಣ ತೀರಿಸಿತು. 1848ರಲ್ಲಿ ಲಾಫೊಂಟೇನ್-ಬಾಲ್ಡ್ವಿನ್ ಮಂತ್ರಿಮಂಡಲ ಬಹುಮತದ ಬಲದಿಂದಲೇ ಅಧಿಕಾರಕ್ಕೆ ಬಂದಾಗ ಜವಾಬ್ದಾರಿ ಸರ್ಕಾರ ನಿಜವಾಯಿತು. ಖಜಾನೆಯ ಹೊಣೆ ಹಿಂಕ್ಸ್‌ಗೆ ಸಿಕ್ಕಿತು. ಮರುವರ್ಷ ಏಪ್ರಿಲ್ 25ರಂದು, ದಂಗೆಯಲ್ಲಿ ನಷ್ಟಪಟ್ಟವರಿಗೆ ಪರಿಹಾರ ಕೊಡುವ ಮಸೂದೆಗೆ ಗವರ್ನರ್ ಲಾರ್ಡ್ ಎಲ್ಗಿನ್ ಸಹಿ ಹಾಕಿದ ಸಿಟ್ಟಿಗೆ ಮಾಂಟ್ರಿಯಲ್‌ನ ಗುಂಪೊಂದು ಸಂಸತ್ ಭವನವನ್ನೇ ಸುಟ್ಟುಹಾಕಿತು. ಆದರೆ ಸರ್ಕಾರ ಬೀಳಲಿಲ್ಲ.

ಈ ದಾರಿಯಲ್ಲೇ ಹಿಂಕ್ಸ್‌ಗೆ ಮೊದಲ ಕಳಂಕವೂ ತಟ್ಟಿತ್ತು. 1842ರ ಜೂನ್‌ನಲ್ಲಿ, ಬಾಲ್ಡ್ವಿನ್ ಇನ್ನೂ ಹೊರಗಿದ್ದಾಗಲೇ, ಗವರ್ನರ್ ಕೊಟ್ಟ ಹುದ್ದೆಯನ್ನು ಒಪ್ಪಿಕೊಂಡು ಒಳಗೆ ಕುಳಿತವನು ಆತ. ಸ್ನೇಹಿತರು ದ್ರೋಹ ಎಂದರು. ಒಳಗಿದ್ದುಕೊಂಡೇ ಬಾಗಿಲು ತೆರೆಯುತ್ತೇನೆ ಎಂಬ ಧೋರಣೆ ಹಿಂಕ್ಸ್‌ನದು. ಕೆಲವೇ ತಿಂಗಳಲ್ಲಿ ಉಳಿದವರೂ ಒಳಗೆ ಬಂದದ್ದರಿಂದ ಆ ಜಗಳ ಮುಗಿಯಿತು. ಆದರೆ ಮನುಷ್ಯನ ಸ್ವಭಾವ ಗೊತ್ತಾಗಿತ್ತು. ತತ್ವಕ್ಕಿಂತ ಕೆಲಸ ಆಗುವುದು ಮುಖ್ಯ ಎನ್ನುವವನು ಹಿಂಕ್ಸ್.

ರೈಲು ತಂದ ಹಣ

1850ರಲ್ಲಿ ಕೆನಡಾ ಪ್ರಾಂತ್ಯದಲ್ಲಿದ್ದ ರೈಲುಹಾದಿ ಬರೀ 66 ಮೈಲಿ. ಚಳಿಗಾಲದಲ್ಲಿ ಸೇಂಟ್ ಲಾರೆನ್ಸ್ ನದಿ ಹೆಪ್ಪುಗಟ್ಟಿದರೆ ಗೋಧಿ, ಮರಮುಟ್ಟು ಸಾಗಿಸಲು ದಾರಿಯೇ ಇಲ್ಲ. ಆದರೆ ಕಾಡಿನ ನಡುವೆ ಹಳಿ ಹಾಕಲು ಹಣ ಹೂಡುವವರು ಯಾರು? ಇದಕ್ಕೆ ಹಿಂಕ್ಸ್ ಕಂಡುಕೊಂಡ ಉಪಾಯ 1849ರ ಖಾತರಿ ಕಾಯ್ದೆ. 75 ಮೈಲಿಗೆ ಕಡಿಮೆ ಇಲ್ಲದ ಹಾದಿಯನ್ನು ಕಂಪನಿ ಅರ್ಧ ಮುಗಿಸಿದರೆ, ಉಳಿದರ್ಧಕ್ಕೆ ಎತ್ತುವ ಸಾಲದ ಬಡ್ಡಿಗೆ ಶೇಕಡ 6ರವರೆಗೆ ಸರ್ಕಾರವೇ ಜಾಮೀನು. 1851ರಲ್ಲಿ ಹಿಂಕ್ಸ್-ಮೊರಿನ್ ಮಂತ್ರಿಮಂಡಲ ಬಂತು. ಬ್ಯಾಂಕ್ ಮ್ಯಾನೇಜರ್ ಆಗಿದ್ದವನು ಪ್ರಧಾನಿಯಾದ. 1852ರಲ್ಲಿ ಲಂಡನ್ನಿಗೆ ಹೋಗಿ ಅಲ್ಲಿನ ಹೆಸರಾಂತ ಗುತ್ತಿಗೆದಾರರೊಂದಿಗೆ ಮಾತುಕತೆ ನಡೆಸಿದ. ಅದರ ಫಲ ಗ್ರ್ಯಾಂಡ್ ಟ್ರಂಕ್ ರೈಲ್ವೆ. 1856ರಲ್ಲಿ ಮಾಂಟ್ರಿಯಲ್-ಟೊರಾಂಟೊ ನಡುವೆ ರೈಲು ಓಡಿತು. 1860ರ ಹೊತ್ತಿಗೆ ಪ್ರಾಂತ್ಯದ ರೈಲುಹಾದಿ ಸುಮಾರು 2,000 ಮೈಲಿ ಮುಟ್ಟಿತ್ತು.

ಹಳಿಗಳ ಜೊತೆಗೆ ಸಾಲವೂ ಉದ್ದವಾಯಿತು. ಊರೂರಿನ ಪುರಸಭೆಗಳೂ ಪ್ರಾಂತ್ಯದ ಹೆಸರಿನ ಬಲದಲ್ಲಿ ಸಾಲ ಎತ್ತಿ ರೈಲಿಗೆ ಹೂಡಲು 1852ರ ಇನ್ನೊಂದು ಕಾಯ್ದೆ ದಾರಿ ಮಾಡಿತು. ನಮ್ಮೂರಿಗೂ ರೈಲು ಎಂಬ ಹುಮ್ಮಸ್ಸಿನಲ್ಲಿ ಸಣ್ಣ ಪಟ್ಟಣಗಳು ಶಕ್ತಿಮೀರಿ ಸಾಲ ಮಾಡಿದವು. ಹಲವು ತೀರಿಸಲಾಗದೆ ಕೈಚೆಲ್ಲಿದವು. ಹೊರೆ ಬಿದ್ದದ್ದು ಪ್ರಾಂತ್ಯದ ಖಜಾನೆಯ ಮೇಲೆ.

ಹತ್ತು ಸಾವಿರ ಪೌಂಡಿನ ಪ್ರಕರಣ

ಹಿಂಕ್ಸ್ ಹೆಸರನ್ನು ಶಾಶ್ವತವಾಗಿ ಕೆಡಿಸಿದ ಪ್ರಕರಣ ಹುಟ್ಟಿದ್ದೂ ರೈಲಿನಿಂದಲೇ. ಟೊರಾಂಟೊ ನಗರಸಭೆ ಉತ್ತರದ ಕಡೆಗೆ ಹೋಗುವ ರೈಲುಹಾದಿಗೆ ನೆರವಾಗಿ ಸಾಲಪತ್ರಗಳನ್ನು ಕೊಟ್ಟಿತ್ತು. ಗುತ್ತಿಗೆದಾರರಿಗೆ ಕೂಡಲೇ ನಗದು ಬೇಕಿತ್ತು. 50,000 ಪೌಂಡ್ ಮುಖಬೆಲೆಯ ಪತ್ರಗಳನ್ನು ಶೇಕಡ 20ರ ರಿಯಾಯಿತಿಯಲ್ಲಿ, ಅಂದರೆ 40,000 ಪೌಂಡಿಗೆ ಮಾರಿದರು. ಕೊಂಡವರು ಯಾರೆಂದು ಊರಿಗೆ ಗೊತ್ತಾಗಲಿಲ್ಲ. ಇದಾದ ಮೇಲೆ ನಗರದ ಹಳೆಯ ಸಾಲಗಳನ್ನೆಲ್ಲ ಒಟ್ಟುಗೂಡಿಸಿ, ಲಂಡನ್ನಿನಲ್ಲಿ ಹಣ ಸಿಗುವಂಥ 1,00,000 ಪೌಂಡಿನ ಹೊಸ ಸಾಲಪತ್ರ ಹೊರಡಿಸಲು ಅನುಮತಿ ಕೊಡುವ ಕಾಯ್ದೆ ಶಾಸನಸಭೆಯಲ್ಲಿ ಪಾಸಾಯಿತು. ಹಳೆಯ ಪತ್ರಗಳಿಗೆ ಒಮ್ಮೆಲೇ ಪೂರ್ತಿ ಬೆಲೆ ಬಂತು. 40,000 ಪೌಂಡಿನ ಮಾಲು 50,000 ಆಯಿತು.

ಕೊಂಡವರು ಇಬ್ಬರು: ಟೊರಾಂಟೊದ ಮೇಯರ್ ಜಾನ್ ಜಾರ್ಜ್ ಬೌಸ್ ಮತ್ತು ಪ್ರಾಂತ್ಯದ ಪ್ರಧಾನಿ ಫ್ರಾನ್ಸಿಸ್ ಹಿಂಕ್ಸ್. ಕಾಯ್ದೆ ತಂದದ್ದು ಹಿಂಕ್ಸ್‌ನ ಸರ್ಕಾರ. ಅದಕ್ಕೆ ಕೋರಿಕೆ ಸಲ್ಲಿಸಿದ್ದು ಬೌಸ್ ಮೇಯರ್ ಆಗಿದ್ದ ನಗರಸಭೆ. ಖರ್ಚುಗಳನ್ನೆಲ್ಲ ಕಳೆದು ಕೈಗೆ ಸಿಕ್ಕ ಲಾಭ 8,000 ಪೌಂಡಿಗೂ ಮಿಗಿಲು. ಆದರೆ ಜನರ ಬಾಯಲ್ಲಿ ಅದು ‘ಹತ್ತು ಸಾವಿರ ಪೌಂಡಿನ ಪ್ರಕರಣ’ ಎಂದೇ ನಿಂತಿತು. 1853ರಲ್ಲಿ ಗುಟ್ಟು ರಟ್ಟಾದಾಗ ‘ಗ್ಲೋಬ್’ ಪತ್ರಿಕೆಯ ಜಾರ್ಜ್ ಬ್ರೌನ್‌ನಂಥ ವಿರೋಧಿಗಳಿಗೆ ಹಬ್ಬವಾಯಿತು.

ಇದರಲ್ಲಿ ತಪ್ಪೇನಿದೆ ಎಂಬುದೇ ಹಿಂಕ್ಸ್‌ನ ವಾದ. ಸಾಲಪತ್ರ ಮಾರುಕಟ್ಟೆಯಲ್ಲಿತ್ತು, ಯಾರು ಬೇಕಾದರೂ ಕೊಳ್ಳಬಹುದಿತ್ತು, ನಾನೂ ಕೊಂಡೆ. ನಗರಕ್ಕೆ ಒಂದು ಪೈಸೆಯೂ ನಷ್ಟವಾಗಿಲ್ಲ ಎಂಬುದು ಆತನ ಸಮರ್ಥನೆಯ ಸಾರ. ಆ ಕಾಲದ ಕಾನೂನು ಪುಸ್ತಕದಲ್ಲಿ ಇದನ್ನು ಅಪರಾಧವೆಂದು ಬರೆದಿರಲಿಲ್ಲ ಎಂಬುದೂ ನಿಜ. ಆದರೆ ಯಾವ ಕಾಯ್ದೆ ಬರಲಿದೆ ಎಂಬುದು ಯಾರು ಬೇಕಾದವರಿಗೂ ಗೊತ್ತಿರಲಿಲ್ಲ. ಕಾಯ್ದೆ ತರುವವನಿಗೆ ಗೊತ್ತಿತ್ತು. ‘ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ’ ಎಂದು ನಕ್ಕು ಸುಮ್ಮನಾಗುವ ವಿಷಯ ಇದಾಗಿರಲಿಲ್ಲ.

ನಗರದ ಪರವಾಗಿ ಬೌಸ್ ಮೇಲೆ ದಾವೆ ಬಿತ್ತು. ಮೇಯರ್ ಎಂದರೆ ನಗರದ ಧರ್ಮದರ್ಶಿ ಇದ್ದ ಹಾಗೆ. ಆ ಸ್ಥಾನದಲ್ಲಿದ್ದು ಗಳಿಸಿದ ಲಾಭ ನಗರಕ್ಕೇ ಸೇರಬೇಕು ಎಂದು 1854ರಲ್ಲಿ ಚಾನ್ಸರಿ ನ್ಯಾಯಾಲಯ ತೀರ್ಪು ಕೊಟ್ಟಿತು. 1858ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಅದನ್ನೇ ಎತ್ತಿಹಿಡಿಯಿತು. ಬೌಸ್ ತನ್ನ ಪಾಲಿನ 4,000 ಪೌಂಡಿಗೂ ಮಿಕ್ಕ ಹಣವನ್ನು ನಗರಕ್ಕೆ ತೆರಬೇಕಾಯಿತು. ಸಾರ್ವಜನಿಕ ಹುದ್ದೆ ಮತ್ತು ಸ್ವಂತ ಲಾಭ ಒಂದಕ್ಕೊಂದು ತಾಕಬಾರದು ಎಂಬ ನ್ಯಾಯತತ್ವಕ್ಕೆ ಕೆನಡಾದಲ್ಲಿ ಇಂದಿಗೂ ಹೆಸರಿಸುವ ತೀರ್ಪು ಅದು. ವಿಚಿತ್ರವೆಂದರೆ 1861ರಲ್ಲಿ ಟೊರಾಂಟೊ ಜನ ಬೌಸ್‌ನನ್ನೇ ಮತ್ತೆ ಮೇಯರ್ ಮಾಡಿದರು!

ಹಿಂಕ್ಸ್ ಮೇಲೆ ದಾವೆ ಇರಲಿಲ್ಲ. ಆತ ಹಣ ಹಿಂತಿರುಗಿಸಬೇಕಾಗಲಿಲ್ಲ. ಆದರೆ ಒಂದಾದ ಮೇಲೊಂದು ಆರೋಪ ಹೊರಬಂತು. ಗ್ರ್ಯಾಂಡ್ ಟ್ರಂಕ್ ಕಂಪನಿಯ 1,008 ಷೇರುಗಳು, ಅಂದರೆ 50,400 ಪೌಂಡ್ ಮೌಲ್ಯದ ಪಾಲು ಆತನ ಹೆಸರಿನಲ್ಲಿ ಕಂಡುಬಂತು. ಕೆನಡಾದವರಿಗೆ ಹಂಚಲೆಂದು ಇಟ್ಟುಕೊಂಡದ್ದು ಎಂದು ಆತ ಹೇಳಿದ. ಟೊರಾಂಟೊ ವಿಶ್ವವಿದ್ಯಾಲಯದ ಜೀವವಿಜ್ಞಾನ ಪೀಠ 1853ರಲ್ಲಿ ಪ್ರಧಾನಿಯ ಅಣ್ಣ ವಿಲಿಯಂ ಹಿಂಕ್ಸ್‌ಗೆ ಸಿಕ್ಕಿತು. ಆ ಹುದ್ದೆಗೆ ಅರ್ಜಿ ಹಾಕಿ ನಿರಾಶನಾದವನು, ಮುಂದೆ ಡಾರ್ವಿನ್‌ನ ಬಲಗೈ ಎನಿಸಿದ ಥಾಮಸ್ ಹೆನ್ರಿ ಹಕ್ಸ್ಲಿ. ಶಾಸನಸಭೆಯ ವಿಚಾರಣಾ ಸಮಿತಿಯ ಮುಂದೆ ಭ್ರಷ್ಟಾಚಾರ ಸಾಬೀತಾಗಲಿಲ್ಲ. ಆದರೆ 1854ರ ಸೆಪ್ಟೆಂಬರ್‌ನಲ್ಲೇ ಸಭೆಯ ವಿಶ್ವಾಸ ಕಳೆದುಕೊಂಡು ಹಿಂಕ್ಸ್ ಅಧಿಕಾರ ಬಿಟ್ಟಿದ್ದ. ಇಡೀ ಬದುಕಿನಲ್ಲಿ ಆತ ಹೋರಾಡಿ ಗಳಿಸಿದ್ದ ನಿಯಮವೇ ಆತನನ್ನು ಕೆಳಗಿಳಿಸಿತು.

ಕಬ್ಬಿನ ಗದ್ದೆಯ ಭಾರತೀಯರು

ಸ್ವದೇಶದಲ್ಲಿ ಹೆಸರು ಕೆಟ್ಟರೂ ಲಂಡನ್ ಆತನನ್ನು ಕೈಬಿಡಲಿಲ್ಲ. 1856ರಲ್ಲಿ ಬಾರ್ಬಡೋಸ್ ಮತ್ತು ವಿಂಡ್‌ವರ್ಡ್ ದ್ವೀಪಗಳ ಗವರ್ನರ್ ಆದ. ವಸಾಹತಿನ ರಾಜಕಾರಣಿಗೆ ಇಂಥ ಹುದ್ದೆ ಸಿಗುವುದು ಅಪರೂಪ. 1862ರಲ್ಲಿ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಕ್ಕೆ ವರ್ಗವಾಯಿತು. ಭಾರತದ ಓದುಗರಿಗೆ ಹಿಂಕ್ಸ್ ಹತ್ತಿರವಾಗುವುದು ಇಲ್ಲಿ.

ಗುಲಾಮಗಿರಿ ರದ್ದಾದ ಮೇಲೆ ಗಯಾನದ ಕಬ್ಬಿನ ತೋಟಗಳಿಗೆ ಕೂಲಿಗಳು ಬೇಕಾಗಿದ್ದರು. 1838ರಿಂದ 1917ರವರೆಗೆ ಸುಮಾರು 2,39,000 ಭಾರತೀಯರು ಕರಾರಿನ ಕೂಲಿಗಳಾಗಿ ಅಲ್ಲಿಗೆ ಹೋದರು. ಬಹುಪಾಲು ಜನ ಕಲ್ಕತ್ತಾ ಬಂದರಿನಿಂದ, ಕೆಲವರು ಮದರಾಸಿನಿಂದ ಹಡಗು ಹತ್ತಿದವರು. ಕರಾರು ಐದು ವರ್ಷದ್ದು. ಕೆಲಸಕ್ಕೆ ಬರದಿದ್ದರೆ ಕೂಲಿ ಕಡಿತವಷ್ಟೇ ಅಲ್ಲ, ಜೈಲು. ಈ ಕೂಲಿಗಳ ಅಹವಾಲು ಕೇಳಲು ಜೇಮ್ಸ್ ಕ್ರಾಸ್ಬಿ ಎಂಬ ಅಧಿಕಾರಿಯಿದ್ದ. ಆತನ ಮೇಲಿನ ನಂಬಿಕೆ ಎಷ್ಟಿತ್ತೆಂದರೆ ವಲಸೆ ಇಲಾಖೆಯನ್ನೇ ಭಾರತೀಯರು ‘ಕ್ರಾಸ್ಬಿ ಆಫೀಸು’ ಎನ್ನುತ್ತಿದ್ದರು. ಹಿಂಕ್ಸ್ ಆ ಕ್ರಾಸ್ಬಿಯ ಅಧಿಕಾರವನ್ನೇ ಮೊಟಕುಗೊಳಿಸಿದ.

ತೋಟದ ಒಡೆಯರ ವಿರುದ್ಧ ತೀರ್ಪು ಕೊಡಲು ಹಿಂಜರಿಯದ ಮುಖ್ಯ ನ್ಯಾಯಾಧೀಶ ಜೋಸೆಫ್ ಬ್ಯೂಮಾಂಟ್ ಜೊತೆಗೂ ಹಿಂಕ್ಸ್‌ಗೆ ಜಗಳ ಬೆಳೆಯಿತು. 1868ರಲ್ಲಿ ಬ್ಯೂಮಾಂಟ್‌ನನ್ನು ಹುದ್ದೆಯಿಂದ ತೆಗೆಯಲಾಯಿತು. ಆತ 1871ರಲ್ಲಿ ಬರೆದ ಪುಸ್ತಕದ ಹೆಸರೇ ‘ಹೊಸ ಗುಲಾಮಗಿರಿ’. ಇನ್ನೊಬ್ಬ ಮ್ಯಾಜಿಸ್ಟ್ರೇಟ್ ವಿಲಿಯಂ ಡೆ ವೊ, ಗಯಾನ ಬಿಟ್ಟ ಮೇಲೆ 1869ರ ಕ್ರಿಸ್ಮಸ್ ದಿನ ಲಂಡನ್ನಿಗೆ ದೀರ್ಘ ಪತ್ರ ಬರೆದು, ನ್ಯಾಯಾಲಯಗಳೂ ವೈದ್ಯರೂ ತೋಟದ ಒಡೆಯರ ಪ್ರಭಾವಕ್ಕೆ ಒಳಗಾಗಿದ್ದಾರೆಂದು ದೂರಿದ. ಅದರ ಮೇಲೆ ವಿಚಾರಣಾ ಆಯೋಗವೇ ಬಂತು. 1871ರಲ್ಲಿ ಅದು ಕೊಟ್ಟ ವರದಿ ಕೂಲಿ ವ್ಯವಸ್ಥೆಯ ದೋಷಗಳನ್ನು ಬಯಲಿಗಿಟ್ಟಿತು. ಕೆನಡಾದಲ್ಲಿ ಕೆಲವೇ ಕುಟುಂಬಗಳ ದರ್ಬಾರನ್ನು ಎದುರಿಸಿದ್ದವನು ಗಯಾನದಲ್ಲಿ ತೋಟದ ಒಡೆಯರ ಕೂಟದೊಂದಿಗೆ ಹೊಂದಿಕೊಂಡಿದ್ದ. ಕೂಲಿಗಳಿಗೆ ಮತವಿರಲಿಲ್ಲ, ಆತನನ್ನು ಕೆಳಗಿಳಿಸುವ ಸಭೆಯೂ ಅವರ ಪಾಲಿಗೆ ಇರಲಿಲ್ಲ.

ಮರಳಿ ಖಜಾನೆಗೆ

1869ರಲ್ಲಿ ‘ಸರ್’ ಪದವಿ ಹೊತ್ತು ಹಿಂಕ್ಸ್ ಕೆನಡಾಕ್ಕೆ ಮರಳಿದ. ಎರಡು ವರ್ಷದ ಹಿಂದೆ, 1867ರಲ್ಲಿ, ಕೆನಡಾ ಒಕ್ಕೂಟವಾಗಿತ್ತು. ಪ್ರಧಾನಿ ಜಾನ್ ಮೆಕ್‌ಡೊನಾಲ್ಡ್ ಹಳೆಯ ಎದುರಾಳಿಯನ್ನೇ ಕರೆದು ಹಣಕಾಸು ಮಂತ್ರಿ ಮಾಡಿದ. ಲೆಕ್ಕದ ಕೆಲಸದಲ್ಲಿ ಹಿಂಕ್ಸ್‌ನ ಕೈ ಇನ್ನೂ ಚುರುಕಾಗಿತ್ತು. ಊರೆಲ್ಲ ತುಂಬಿಕೊಂಡು, ಬಡವರ ಕೂಲಿಯಲ್ಲಿ ನಷ್ಟ ಮಾಡುತ್ತಿದ್ದ ಅಮೆರಿಕದ ಬೆಳ್ಳಿ ನಾಣ್ಯಗಳನ್ನು 1870ರಲ್ಲಿ ಹೊರಸಾಗಿಸಿದ. ಚಿಲ್ಲರೆಗೆ ತೊಂದರೆಯಾಗದಂತೆ 25 ಸೆಂಟ್‌ನ ಪುಟಾಣಿ ನೋಟು ತಂದ. 1871ರ ಬ್ಯಾಂಕ್ ಕಾಯ್ದೆ ಎಲ್ಲ ಬ್ಯಾಂಕುಗಳಿಗೂ ಒಂದೇ ನಿಯಮ ವಿಧಿಸಿ, ಹತ್ತು ವರ್ಷದ ಸನ್ನದು ಕೊಟ್ಟಿತು. ಆ ಅವಧಿ ಮುಗಿದಾಗ ಕಾಯ್ದೆಯನ್ನೇ ಮರುಪರಿಶೀಲಿಸುವ ಪದ್ಧತಿ ಬೆಳೆದು, ಇಂದಿಗೂ ಕೆನಡಾದಲ್ಲಿ ನಿಗದಿತ ಅವಧಿಗೊಮ್ಮೆ ಅದು ನಡೆಯುತ್ತದೆ.

1873ರ ಆರಂಭದಲ್ಲಿ ಹಿಂಕ್ಸ್ ಮಂತ್ರಿ ಪದವಿ ಬಿಟ್ಟ. ಕೆಲವೇ ತಿಂಗಳಲ್ಲಿ ಸಿಡಿದ ಪೆಸಿಫಿಕ್ ರೈಲು ಹಗರಣದಲ್ಲಿ ಆತನ ಹೆಸರೂ ಕೇಳಿಬಂತು. ಆ ಹಗರಣದಿಂದ ಮೆಕ್‌ಡೊನಾಲ್ಡ್ ಸರ್ಕಾರವೇ ಉರುಳಿತು. ಹಿಂಕ್ಸ್ ರಾಜಕೀಯದಿಂದ ದೂರ ಸರಿದು ಮತ್ತೆ ಬ್ಯಾಂಕಿನ ಮೇಜಿಗೆ ಬಂದ. ಮಾಂಟ್ರಿಯಲ್‌ನ ಸಿಟಿ ಬ್ಯಾಂಕಿನ ಅಧ್ಯಕ್ಷನಾದ. 1876ರಲ್ಲಿ ಅದು ರಾಯಲ್ ಕೆನಡಿಯನ್ ಬ್ಯಾಂಕಿನೊಂದಿಗೆ ಸೇರಿ ಕನ್ಸಾಲಿಡೇಟೆಡ್ ಬ್ಯಾಂಕ್ ಆಯಿತು. ವ್ಯಾಪಾರವೆಲ್ಲ ಕುಸಿದಿದ್ದ ಕಾಲ. ಕೊಟ್ಟ ಸಾಲ ಹಿಂತಿರುಗಲಿಲ್ಲ. 1879ರ ಬೇಸಿಗೆಯಲ್ಲಿ ಬ್ಯಾಂಕ್ ಬಾಗಿಲು ಹಾಕಿತು. ಸರ್ಕಾರಕ್ಕೆ ಕಳುಹಿಸಿದ ಲೆಕ್ಕದಲ್ಲಿ ಕಂಡ ಬ್ಯಾಂಕೇ ಬೇರೆ, ನಿಜವಾದ ಬ್ಯಾಂಕೇ ಬೇರೆ ಎಂಬುದು ಆಮೇಲೆ ಬೆಳಕಿಗೆ ಬಂತು.

ನ್ಯಾಯಾಲಯ ಹಿಂಕ್ಸ್‌ನನ್ನು ತಪ್ಪಿತಸ್ಥನೆಂದು ಘೋಷಿಸಿತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಕಾನೂನಿನ ಕಣ್ಣಿಗೆ ಆತ ಈ ಬಾರಿಯೂ ಪಾರಾದ. 1884ರಲ್ಲಿ ತನ್ನ ಸಾರ್ವಜನಿಕ ಜೀವನದ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಮರುವರ್ಷ ಮಾಂಟ್ರಿಯಲ್‌ನಲ್ಲಿ ಸಿಡುಬು ಹರಡಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. 1885ರ ಆಗಸ್ಟ್ 18ರಂದು 77 ವರ್ಷದ ಹಿಂಕ್ಸ್ ಕೂಡ ಅದಕ್ಕೇ ಬಲಿಯಾದ.

ಹಿಂಕ್ಸ್ ಒಳ್ಳೆಯವನೋ ಕೆಟ್ಟವನೋ ಎಂಬ ತೀರ್ಮಾನ ಸುಲಭವಲ್ಲ. ಆತ ಕಟ್ಟಿದ ರೈಲುಹಾದಿಯಲ್ಲಿ ಜನ ಓಡಾಡಿದರು, ಆತ ಬೆಸೆದ ಫ್ರೆಂಚ್-ಇಂಗ್ಲಿಷ್ ಮೈತ್ರಿಯ ಮೇಲೆ ಒಂದು ದೇಶ ನಿಂತಿತು. ಆದರೆ ಮಂತ್ರಿಗೆ ಬೇರೆ ಜೇಬು, ವ್ಯಾಪಾರಿಗೆ ಬೇರೆ ಜೇಬು ಇರಬೇಕೆಂಬುದು ಕೊನೆಯವರೆಗೂ ಆತನಿಗೆ ಒಪ್ಪಿಗೆಯಾಗಲಿಲ್ಲ. ಹಣ ಇಟ್ಟವರೂ ತೆರಿಗೆ ಕಟ್ಟುವವರೂ ಲೆಕ್ಕ ಕೇಳಬಹುದೆಂಬ ಹಕ್ಕನ್ನು ಆತನೇ ಕಾಯ್ದೆಯಲ್ಲಿ ಬರೆಸಿದ್ದ. ಆ ಹಕ್ಕಿನಿಂದ ಆತನೂ ತಪ್ಪಿಸಿಕೊಳ್ಳಲಾಗಲಿಲ್ಲ ಎಂಬುದೇ ಆ ಕಾಯ್ದೆಯ ಹೆಚ್ಚುಗಾರಿಕೆ.